"ಕರೆಂಟ್ ಕಮ್ಮಿ", "ಆನ್ ಆಗ್ತಿಲ್ಲ": ಇವಕ್ಕೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಓವರ್‌ಕ್ಲಾಕ್ ಮಾಡಿದ (ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸುವ) ಸಿಸ್ಟಮ್‌ಗೆ ಪವರ್ ಹೇಗೆ ಕೊಡಬೇಕು, ಅದು ಏಳದೇ ಹೋದರೆ ಮೊದಲು ಏನು ನೋಡಬೇಕು ಅಂತ ಕಾಲೇಜು ಹುಡುಗರಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಓವರ್‌ಕ್ಲಾಕ್ ಅನ್ನುವ ಪದದ್ದು ಏನೂ ತಕರಾರಿಲ್ಲ, ಅದನ್ನು ಮಾಡುವವರಿಗೆಲ್ಲ ಗೊತ್ತು. ತೊಡಕು ಇರುವುದು ನಾವು ದಿನಾ ಆಡುವ ಮಾತಿನಲ್ಲೇ.

ಮೊದಲು ಕರೆಂಟ್. ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ, ಹೊಡೆಯುತ್ತದೆ. ಅರಸೀಕೆರೆ ಕಡೆ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿ ಬಲ್ಬ್ ಮಂಕಾದರೆ "ಕರೆಂಟ್ ಕಮ್ಮಿ ಆಯ್ತು" ಅನ್ನುತ್ತಾರೆ. ನಿಜವಾಗಿ ಇಳಿದಿರುವುದು ವೋಲ್ಟೇಜ್. ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ ಡಬ್ಬಿ) ಬಲ್ಬಿನ ಹಾಗಲ್ಲ, ಕಂಪ್ಯೂಟರ್ ಕೇಳಿದಷ್ಟು ವಾಟ್ ಒದಗಿಸಲೇಬೇಕು. 400 ವಾಟ್ ಎಳೆಯುವ ಸಿಸ್ಟಮ್ 230 ವೋಲ್ಟ್ ಇದ್ದಾಗ ಸುಮಾರು 1.7 ಆಂಪ್ಸ್ ತೆಗೆದುಕೊಂಡರೆ, 180ಕ್ಕೆ ಇಳಿದಾಗ 2.2 ಆಂಪ್ಸ್ ತೆಗೆದುಕೊಳ್ಳುತ್ತದೆ. ಆಂಪ್ಸ್ ಅಳೆಯುವುದು ಕರೆಂಟನ್ನೇ, ಅಂದರೆ ಆಡುಮಾತಿನಲ್ಲಿ "ಕರೆಂಟ್ ಕಮ್ಮಿ ಆದಾಗ ಕರೆಂಟ್ ಜಾಸ್ತಿ ಎಳೆಯುತ್ತದೆ" ಅಂತ ಬರೆಯಬೇಕು! ವಿಷಯ ಸರಿಯೇ, ಆದರೆ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ.

ಶಾಲೆ ಪುಸ್ತಕದಲ್ಲಿ ಕರೆಂಟ್‌ಗೆ ವಿದ್ಯುತ್ ಪ್ರವಾಹ, ವೋಲ್ಟೇಜ್‌ಗೆ ವಿಭವಾಂತರ ಅಂತ ಇವೆ. ಒಳ್ಳೆಯ ಪದಗಳೇ. ಆದರೆ ಎಸ್‌ಎಂಪಿಎಸ್ ಲೇಬಲ್ ಓದುತ್ತಾ ನಿಂತ ಹುಡುಗನಿಗೆ ಅಲ್ಲಿ ಕಾಣುವುದು ವೋಲ್ಟ್, ಆಂಪ್, ವಾಟ್. ಹಾಗಾಗಿ ಈ ಮೂರನ್ನೇ ಇಟ್ಟುಕೊಂಡು, ಕರೆಂಟನ್ನು ಹೋಗುವುದು ಬರುವುದಕ್ಕೆ ಮಾತ್ರ ಬಿಡೋಣ ಅಂತಿದ್ದೇನೆ.

ಓವರ್‌ಕ್ಲಾಕ್ ವಿಷಯಕ್ಕೆ ಬಂದರೆ ಈ ವ್ಯತ್ಯಾಸ ಇನ್ನೂ ಮುಖ್ಯ. ಪ್ರೊಸೆಸರ್ ಎಳೆಯುವ ವಾಟ್ ಅದರ ವೇಗದ ಜೊತೆ ಹೆಚ್ಚುತ್ತದೆ, ವೋಲ್ಟೇಜ್‌ನ ವರ್ಗದ (ಸ್ಕ್ವೇರ್) ಜೊತೆಗೂ ಹೆಚ್ಚುತ್ತದೆ. 4.0 ಗಿಗಾಹರ್ಟ್ಸ್‌ನಿಂದ 4.6ಕ್ಕೆ ಏರಿಸಿ, ಅದಕ್ಕೋಸ್ಕರ 1.20 ವೋಲ್ಟ್ ಇದ್ದುದನ್ನು 1.35 ಮಾಡಿದರೆ, 100 ವಾಟ್ ಎಳೆಯುತ್ತಿದ್ದದ್ದು 145ರ ಹತ್ತಿರ ಹೋಗುತ್ತದೆ. ಆ 145 ವಾಟ್ ಎಸ್‌ಎಂಪಿಎಸ್‌ನ 12 ವೋಲ್ಟ್ ವೈರ್‌ನಲ್ಲಿ 12 ಆಂಪ್ಸ್‌ಗೆ ಸ್ವಲ್ಪ ಮೇಲೆ. ಮದರ್‌ಬೋರ್ಡ್ ಅದನ್ನು 1.35 ವೋಲ್ಟ್‌ಗೆ ಇಳಿಸಿ ಪ್ರೊಸೆಸರ್‌ಗೆ ಕೊಡುವಾಗ 100 ಆಂಪ್ಸ್ ದಾಟುತ್ತದೆ. ಎರಡನ್ನೂ ಸುಮ್ನೆ "ಜಾಸ್ತಿ ಕರೆಂಟ್" ಅಂದುಬಿಟ್ಟರೆ ಏನು ಹೇಳಿದ ಹಾಗಾಯಿತು? ಯುಪಿಎಸ್‌ದೂ ಇದೇ ಕಥೆ. ಮುಂದೆ 600 ವಿಎ (ವೋಲ್ಟ್-ಆಂಪ್) ಅಂತ ದೊಡ್ಡದಾಗಿ ಇರುತ್ತದೆ, ಹಿಂದಿನ ಲೇಬಲ್ ನೋಡಿದರೆ ಬಹಳಷ್ಟರಲ್ಲಿ 360 ವಾಟ್ ಅಷ್ಟೇ.

ಎರಡನೆಯದು "ಆನ್ ಆಗ್ತಿಲ್ಲ". ಸಕಲೇಶಪುರದಿಂದ ಯಾರಾದರೂ ಫೋನ್ ಮಾಡಿ ಹೀಗಂದರೆ ನಾನು ಮೊದಲು ಕೇಳುವುದು ಫ್ಯಾನ್ ತಿರುಗುತ್ತಾ ಅಂತ. ಏನೂ ತಿರುಗದೆ, ಲೈಟೂ ಬರದಿದ್ದರೆ ಅದು "ಡೆಡ್". ಪ್ಲಗ್, ಹಿಂದಿನ ಸ್ವಿಚ್, 24 ಪಿನ್ ಕನೆಕ್ಟರ್ ನೋಡಬೇಕು. ಎಸ್‌ಎಂಪಿಎಸ್ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ. ಫ್ಯಾನ್ ಓಡುತ್ತಿದ್ದು ಮಾನಿಟರ್ ಕಪ್ಪಾಗಿದ್ದರೆ "ಡಿಸ್‌ಪ್ಲೇ ಬರ್ತಿಲ್ಲ". ಇವೆರಡಕ್ಕೆ ಮಾತು ಇದೆ.

ಮಾತು ಸಾಲದಿರುವುದು ಮೂರನೆಯದಕ್ಕೆ. ಬಟನ್ ಒತ್ತಿದ ಕೂಡಲೇ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ, ತಾನೇ ಮತ್ತೆ ಶುರು ಆಗುತ್ತದೆ, ಮತ್ತೆ ನಿಲ್ಲುತ್ತದೆ. ಶಾರ್ಟ್ ಇದ್ದು ಎಸ್‌ಎಂಪಿಎಸ್ ತಾನೇ ಬಂದ್ ಆಗುತ್ತಿರಬಹುದು, ರ‍್ಯಾಮ್ ಕೂತಿರದೆ ಇರಬಹುದು, ಓವರ್‌ಕ್ಲಾಕ್ ಸೆಟ್ಟಿಂಗ್ ಹಿಡಿಸದೇ ಬೋರ್ಡ್ ಪದೇ ಪದೇ ಪ್ರಯತ್ನಿಸುತ್ತಿರಬಹುದು. ಕೊನೆಯದಾದರೆ ಪ್ಲಗ್ ಕಿತ್ತು, ಬೋರ್ಡ್ ಮೇಲಿನ ಸಿಮಾಸ್ ಜಂಪರ್ (ಉಳಿಸಿಟ್ಟ ಸೆಟ್ಟಿಂಗ್ ಅಳಿಸುವ ಪಿನ್‌ಗಳು) ಶಾರ್ಟ್ ಮಾಡಿ ಅಥವಾ ಸಿಆರ್2032 ಸೆಲ್ ಕೆಲವು ನಿಮಿಷ ತೆಗೆದಿಟ್ಟು ಹಾಕಿದರೆ ಓವರ್‌ಕ್ಲಾಕ್ ಇಲ್ಲದ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ. ಇದಕ್ಕೆ "ಹೊತ್ತಿ ಆರುತ್ತದೆ" ಅಂತ ಬರೆದೆ. ನನ್ನ ಜೊತೆ ಕೆಲಸ ಮಾಡುವವರು ಅದು ಒಲೆಗೆ ಸರಿ, ಕಂಪ್ಯೂಟರ್‌ಗೆ ಬೇಡ ಅನ್ನುತ್ತಾರೆ. "ಎದ್ದು ಬೀಳ್ತಿದೆ" ಅಂದರೆ ಹೇಗೆ?

ಇನ್ನೊಂದು, ವಿಂಡೋಸ್ ಎಲ್ಲ ಸರಿಯಾಗಿ ಬಂದು, ಗೇಮ್ ಹಾಕಿದಾಗ ಮಾತ್ರ ಪಟ್ ಅಂತ ಆಫ್ ಆಗುವುದು. ಬಿಸಿ ಜಾಸ್ತಿ ಆಗಿದೆಯಾ ನೋಡಬೇಕು, ಜೊತೆಗೆ ಗೇಮ್ ಓಡುತ್ತಿರುವಾಗಲೇ 12 ವೋಲ್ಟ್ ಲೈನ್ ಅಳೆಯಬೇಕು. 11.4ಕ್ಕಿಂತ ಕೆಳಗೆ ಹೋದರೆ ಎಸ್‌ಎಂಪಿಎಸ್ ಮೇಲೆಯೇ ಅನುಮಾನ. ಇದಕ್ಕೆ "ಲೋಡ್ ತಡೀತಿಲ್ಲ" ಅಂತ ಇಟ್ಟಿದ್ದೇನೆ. ಪಂಪ್ ಮೋಟಾರ್‌ಗೆ "ಎಳೀತಿಲ್ಲ" ಅನ್ನುತ್ತಾರಲ್ಲ, ಅದನ್ನು ಇಲ್ಲಿ ತರಲು ಮನಸ್ಸಿಲ್ಲ, ಯಾಕೆಂದರೆ ಮೇಲೆ ಆಂಪ್ಸ್ ಎಳೆಯುವುದಕ್ಕೆ ಅದೇ ಮಾತು ಬಳಸಿದ್ದೇನೆ.

ಚಿಕ್ಕಮಗಳೂರು, ಮೂಡಿಗೆರೆ ಕಡೆಯವರು, ಅದರಲ್ಲೂ ಎಲೆಕ್ಟ್ರಿಷಿಯನ್‌ಗಳ ಜೊತೆ ಓಡಾಡುವವರು, ಈ ಕೊನೆಯ ಎರಡಕ್ಕೆ ನಿಮ್ಮಲ್ಲಿ ಏನಂತಾರೆ ತಿಳಿಸಿ. ಪೂರ್ತಿ ವಾಕ್ಯವನ್ನೇ ಬರೆದರೆ ಇನ್ನೂ ಒಳ್ಳೆಯದು.