ಸಮಸ್ಯಾಪೂರಣ: ಒಂದು ಹಾಡು, ಎರಡು ಹೆಸರು

ಪೃಚ್ಛಕ:
ಕವಿಮಿತ್ರರಿಗೆ ನಮಸ್ಕಾರ. ಈ ವಾರದ ಸಮಸ್ಯೆ, ಅಂದರೆ ಮೇಲಿನ ಮೂರು ಸಾಲುಗಳನ್ನು ನೀವು ಕಟ್ಟಿ ಪದ್ಯವಾಗಿಸಬೇಕಾದ ಕೊನೆಯ ಸಾಲು, ಇದು:

“ಕೂಸೊಂದೆ ಹೆತ್ತವರು ತಾಯಂದಿರಿಬ್ಬರು”

ಸಾಲಿಗೆ ಐದು ಮಾತ್ರೆಯ ನಾಲ್ಕು ಗಣಗಳಿರುವ ಚೌಪದಿಯಲ್ಲಿ, ಸಕಾರದ ಗಜಪ್ರಾಸವನ್ನು (ಪ್ರತಿ ಸಾಲಿನ ಮೊದಲ ಅಕ್ಷರ ದೀರ್ಘ, ಎರಡನೆಯದು ಸಕಾರ) ಕಾಯ್ದುಕೊಂಡು, ಬೀಟಲ್ಸ್ ತಂಡದ ‘ಇನ್ ಮೈ ಲೈಫ್’ ಹಾಡಿಗೆ ಹೊಂದುವಂತೆ ಪೂರಣ ಮಾಡಬೇಕು. 1965ರಲ್ಲಿ ‘ರಬ್ಬರ್ ಸೋಲ್’ ಆಲ್ಬಮ್‌ನಲ್ಲಿ ಬಂದ ಈ ಹಾಡಿನ ಮೇಲೆ, ಅದನ್ನು ರಚಿಸಿದವರೆಂದು, ತಂಡದ ಇಬ್ಬರು ಸದಸ್ಯರ ಲೆನನ್–ಮೆಕಾರ್ಟ್ನಿ ಎಂಬ ಜೋಡಿ ಹೆಸರಿದೆ. ಸಾಹಿತ್ಯ ಜಾನ್ ಲೆನನ್ ಅವರದೆಂಬುದರಲ್ಲಿ ತಕರಾರಿಲ್ಲ. ವ್ಯಾಜ್ಯವಿರುವುದು ಮಟ್ಟಿನ ಬಗ್ಗೆ. ಮೆಲೊಟ್ರಾನ್ ಎಂಬ ಕೀಲಿಮಣೆ ವಾದ್ಯದ ಮುಂದೆ ಕುಳಿತು ಮಟ್ಟು ಹಾಕಿದವನು ತಾನೆಂದು ಪಾಲ್ ಮೆಕಾರ್ಟ್ನಿ ಹೇಳಿದರೆ, ಪಾಲ್ ನೆರವಾದದ್ದು ನಡುವಿನ ಭಾಗಕ್ಕೆಂದು ಲೆನನ್ 1980ರ ಸಂದರ್ಶನದಲ್ಲಿ ಹೇಳಿದ್ದಾರೆ.

ಮೊದಲ ಪೂರಣ:

ಲೇಸಾದ ಮಾತೊಬ್ಬ ತಂದನೆಂಬುದು ದಿಟವು
ಬೀಸಿದ್ದು ರಾಗದೆಲರಾರದೋ ತಿಳಿಯದೈ
ಮಾಸಿರುವ ನೆನಪಿನೊಳಗಿಬ್ಬರೂ ತಾನೆನಲು
ಕೂಸೊಂದೆ ಹೆತ್ತವರು ತಾಯಂದಿರಿಬ್ಬರು

ಎರಡನೆಯ ಪೂರಣ:
ಮೇಲಿನ ಪದ್ಯ ಇಂಪಾಗಿದೆ, ಆದರೆ “ತಿಳಿಯದೈ” ಎಂದು ಕೈಬಿಡುವುದನ್ನು ನಾನು ಒಪ್ಪಲಾರೆ. ಮಾರ್ಕ್ ಗ್ಲಿಕ್‌ಮನ್, ಜೇಸನ್ ಬ್ರೌನ್ ಮೊದಲಾದ ಸಂಶೋಧಕರು 1962ರಿಂದ 1966ರವರೆಗಿನ, ಕರ್ತೃ ಯಾರೆಂದು ಖಚಿತವಾಗಿ ತಿಳಿದಿರುವ ಸುಮಾರು 70 ಹಾಡು ಹಾಗೂ ಹಾಡಿನ ಭಾಗಗಳನ್ನು ಬಿಡಿಸಿ, ಯಾವ ಸ್ವರದ ಬೆನ್ನಿಗೆ ಯಾವ ಸ್ವರ ಬರುತ್ತದೆ, ಯಾವ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಯಾವುದಕ್ಕೆ ಹೊರಳುತ್ತದೆ ಎಂಬುದನ್ನೆಲ್ಲ ಎಣಿಸಿ, ಇಬ್ಬರ ಒಲವುಗಳನ್ನೂ ಗುರುತಿಸಿದರು. ಆ ಅಳತೆಗೋಲನ್ನು ಈ ಹಾಡಿಗೆ ಹಿಡಿದಾಗ ಚರಣದ ಮಟ್ಟು ಲೆನನ್ ಅವರದೇ ಇರಬೇಕೆಂಬ ಕಡೆಗೆ ಲೆಕ್ಕ ವಾಲಿತು.

ರಾಸಿ ಹಾಡನು ಬಿಡಿಸಿ ನೂಲೆಣಿಸಿ ನೋಡಿದರು
ಬಾಸೆಯೊಬ್ಬನದೆಂದು ಲೆಕ್ಕ ಸಾರಿತು ಕಡೆಗೆ
ಆಸರೆಯ ಮಡಿಲಿತ್ತ ಗೆಳೆಯನನು ಮರೆವರೇ?
ಕೂಸೊಂದೆ ಹೆತ್ತವರು ತಾಯಂದಿರಿಬ್ಬರು

ಮೊದಲ ಪೂರಣಕಾರ:
ಲೆಕ್ಕವನ್ನು ಗೌರವಿಸುತ್ತೇನೆ. ಆದರೂ ಅದು ಹೇಳುವುದು ಸಂಭವನೀಯತೆಯನ್ನು ಮಾತ್ರ. ಜೊತೆಗೆ ಕುಳಿತು ಬರೆಯುವವರು ಒಬ್ಬರ ನಡೆಯನ್ನು ಇನ್ನೊಬ್ಬರು ಕಲಿತುಬಿಡುತ್ತಾರೆ. ಆದ್ದರಿಂದ ನನ್ನ ಎರಡನೆಯ ಸಾಲನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ.

ಪೃಚ್ಛಕ:
ಎರಡು ಪೂರಣಗಳಲ್ಲಿಯೂ ಛಂದಸ್ಸು ಶುದ್ಧವಾಗಿದೆ. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಲೆನನ್ ತಾವಾಗಿಯೇ ಒಪ್ಪಿಕೊಂಡ ನೆರವನ್ನು ಅದರ ಮೂರನೆಯ ಸಾಲು ಗೌರವದಿಂದ ನೆನೆಯುತ್ತದೆ. ಇನ್ನು ನಡುವೆ ಕೇಳಿಬರುವ ಪಿಯಾನೊವನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಅರ್ಧ ವೇಗದಲ್ಲಿ ನುಡಿಸಿ ಮುದ್ರಿಸಿದ್ದರು. ಹೆಸರಿನ ಸಾಲಿನಲ್ಲಿ ಅವರಿಲ್ಲ. “ಇಬ್ಬರು” ಎಂಬುದನ್ನು ಬದಲಿಸದೆ ಅವರನ್ನೂ ಒಳಗೊಳ್ಳಬಲ್ಲ ಪೂರಣಕ್ಕಾಗಿ ಭಾನುವಾರದವರೆಗೆ ಕಾಯುತ್ತೇನೆ.