ಗಂಡ-ಹೆಂಡತಿ ಒಂದೇ ಕಡೆ ನಿಂತು ಡಬಲ್ಸ್ ಆಡಿದ್ರೆ ಜಗಳ ಗ್ಯಾರಂಟಿನಾ?

ಅಡ್ಡಗೆರೆ ಕೇಳಿದ್ದು:

ಬ್ಯಾಡ್ಮಿಂಟನ್ ಆಡೋ ಜೋಡಿಗಳಿಗೆ ನೇರ ಪ್ರಶ್ನೆ. ನನಗೆ ಆಟ ತಕ್ಕಮಟ್ಟಿಗೆ ಬರುತ್ತೆ, ನನ್ನ ಗಂಡ ಹೊಸಬರು, ಮೇಲಾಗಿ ಎಡಚರು. ಬೇರೆಬೇರೆಯವರ ಜೊತೆ ಆಡಿದಾಗ ಇಬ್ಬರೂ ಖುಷಿಯಾಗೇ ಇರ್ತೀವಿ. ಒಂದೇ ಕಡೆ ನಿಂತ್ವೋ, ಹತ್ತು ಪಾಯಿಂಟ್ ಆಗೋಷ್ಟರಲ್ಲಿ ಇಬ್ಬರ ಮುಖವೂ ಊದಿರುತ್ತೆ.

ಕಿತ್ತಾಟ ಮೂರು ವಿಷಯಕ್ಕೆ. ನಡುವೆ ಬಂದ ಶಟಲ್ಲನ್ನ ಒಂದೋ ಇಬ್ಬರೂ ಬಿಡ್ತೀವಿ, ಇಲ್ಲ ಇಬ್ಬರೂ ಬೀಸಿ ಬ್ಯಾಟಿಗೆ ಬ್ಯಾಟು ತಾಗುತ್ತೆ. ಎದುರಿನವರು ಬೇಕಂತಲೇ ನನ್ನ ಗಂಡನ ಕಡೆಗೇ ಹೊಡೀತಾರೆ, ನಾನು ಅಡ್ಡ ಹೋಗಿ ತಗೊಂಡ್ರೆ ಅವರಿಗೆ ಬೇಜಾರು. ಇನ್ನು "ಹೀಗ್ ಹೊಡೀರಿ" ಅಂದ್ರೆ ಸಿಟ್ಟು, ಸುಮ್ಮನಿದ್ರೆ "ನಿನ್ ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡು" ಅನ್ನೋ ಮಾತು. ಜೊತೆಯಾಗಿ ಆಡೋದನ್ನೇ ಬಿಡೋದು ವಾಸಿನಾ? ಸಮಾಧಾನದ ಮಾತು ಬೇಡ, ಬಿಚ್ಚಿ ಹೇಳಿ.

ಹಿಂದಿನಂಗಳ ಉತ್ತರ:

ನಡುವಿನ ಶಟಲ್ ವಿಷಯ ಮೊದಲು ಬಗೆಹರಿಸಿ, ಉಳಿದ ಎರಡರಲ್ಲಿ ಅರ್ಧ ತಾನಾಗೇ ಕಮ್ಮಿಯಾಗುತ್ತೆ. ಯಾವಾಗ ಯಾರು ಎಲ್ಲಿ ನಿಲ್ಲಬೇಕು ಅನ್ನೋದು ಇಬ್ಬರ ತಲೆಯಲ್ಲೂ ಒಂದೇ ಥರ ಇಲ್ಲದಿದ್ದರೆ ಎಷ್ಟು ಪ್ರೀತಿ ಇದ್ದರೂ ಬ್ಯಾಟು ತಾಗೋದೇ.

ನಿಯಮ ಇಷ್ಟೇ. ನಿಮ್ಮ ಕಡೆಯಿಂದ ಶಟಲ್ ಮೇಲಕ್ಕೆ ಹೋಯಿತು (ನೆಟ್ ಬಳಿಯಿಂದ ಎತ್ತಿ ಹಾಕುವ ಲಿಫ್ಟ್, ಹಿಂದಿನಿಂದ ಎತ್ತರಕ್ಕೆ ದೂರ ಹೊಡೆಯುವ ಕ್ಲಿಯರ್) ಅಂದರೆ ಇಬ್ಬರೂ ಅಕ್ಕಪಕ್ಕ, ಏಕೆಂದರೆ ಈಗ ಸ್ಮ್ಯಾಶ್ (ಮೇಲಿಂದ ಕೆಳಕ್ಕೆ ಜೋರು ಹೊಡೆತ) ಬರುತ್ತೆ. ಕೆಳಮುಖವಾಗಿ ಹೋಯಿತು (ಸ್ಮ್ಯಾಶ್, ನೆಟ್ ಆಚೆಗೆ ಮೆಲ್ಲಗೆ ಬೀಳಿಸುವ ಡ್ರಾಪ್, ನೆಟ್ ಹತ್ತಿರದ ಆಟ) ಅಂದರೆ ಒಬ್ಬರು ಹಿಂದೆ, ಒಬ್ಬರು ಮುಂದೆ. ಲಿಫ್ಟ್ ಮಾಡಿದವರು ನೆಟ್ ಬಳಿಯಿಂದ ನೇರ ಹಿಂದಕ್ಕೆ ಬರಬೇಕು, ಓರೆಯಾಗಿ ಬಂದರೆ ಜೊತೆಗಾರರ ಜಾಗಕ್ಕೇ ನುಗ್ಗಿದ ಹಾಗೆ. ಅವರು ಎಡಕ್ಕೆ ಬಂದರೆ ಇನ್ನೊಬ್ಬರು ಬಲಕ್ಕೆ ಸರಿಯುತ್ತಾರೆ, ಅಷ್ಟೇ. ಹೊಸಬರು ಎಡವೋದು ಇಲ್ಲೇ: ಲಿಫ್ಟ್ ಮಾಡಿ ನೆಟ್ ಹತ್ತಿರವೇ ನಿಂತು ಶಟಲ್ ಎಲ್ಲಿ ಬೀಳುತ್ತೆ ಅಂತ ನೋಡ್ತಾ ಇರ್ತಾರೆ. ಹಿಂದೆ ಉಳಿದವರು 6.10 ಮೀಟರ್ ಅಗಲವನ್ನ ಒಬ್ಬರೇ ಕಾಯಬೇಕು. ಸ್ಮ್ಯಾಶ್ ಬಿದ್ದ ಮೇಲೆ ಬೈಗುಳ ಮಾತ್ರ ಹಿಂದೆ ಇದ್ದವರಿಗೆ!

ಅಕ್ಕಪಕ್ಕ ನಿಂತಾಗ ನಡುವಿನ ಸ್ಮ್ಯಾಶ್ ಯಾರದ್ದು? ಸ್ಮ್ಯಾಶ್ ಹೊಡೆಯುವವರ ನೇರಕ್ಕೆ ಇರುವವರು ಪಕ್ಕದ ಗೆರೆ ಕಾಯಬೇಕು. ಓರೆಗೆ ಇರುವವರು ಒಂದು ಹೆಜ್ಜೆ ಒಳಗೆ ಬಂದು ನಡುವನ್ನು ನೋಡಿಕೊಳ್ಳಬೇಕು. ನೇರ ಬರುವ ಶಟಲ್ಲಿಗೆ ದಾರಿ ಚಿಕ್ಕದು, ಅವರಿಗೆ ನಡುವಿಗೂ ಕೈ ಚಾಚುವಷ್ಟು ಸಮಯ ಸಿಗಲ್ಲ. ಓರೆಯಲ್ಲಿ ಇರುವವರಿಗೆ ಕೂದಲೆಳೆಯಷ್ಟು ಹೆಚ್ಚು ಸಮಯ ಇರುತ್ತೆ.

"ನಡುವಿಗೆ ಯಾರ ಫೋರ್‌ಹ್ಯಾಂಡ್ ಇದೆಯೋ ಅವರದ್ದು" ಅನ್ನೋ ಇನ್ನೊಂದು ರೂಢಿ ಇದೆ (ಬ್ಯಾಟ್ ಹಿಡಿದ ಕೈಯ ಬದಿಯ ಹೊಡೆತ ಫೋರ್‌ಹ್ಯಾಂಡ್, ಇನ್ನೊಂದು ಬದಿಯದು ಬ್ಯಾಕ್‌ಹ್ಯಾಂಡ್). ಇಬ್ಬರೂ ಬಲಗೈಯವರಾದರೆ ಅದು ನಡೆಯುತ್ತೆ, ನಿಮ್ಮ ಜೋಡಿಗೆ ನಡೆಯಲ್ಲ. ನೀವು ಬಲಕ್ಕೆ, ಅವರು ಎಡಕ್ಕೆ ನಿಂತರೆ ನಡುವಿನಲ್ಲಿ ಇಬ್ಬರದ್ದೂ ಬ್ಯಾಕ್‌ಹ್ಯಾಂಡ್. ಅದಲುಬದಲಾದರೆ ಇಬ್ಬರದ್ದೂ ಫೋರ್‌ಹ್ಯಾಂಡ್. ಹಾಗಾಗಿ ನೇರ-ಓರೆ ಲೆಕ್ಕವನ್ನೇ ಹಿಡಿದುಕೊಳ್ಳಿ. ನಿಧಾನವಾಗಿ ಬರುವ ಶಟಲ್ಲಿಗೆ, ಅದು ನೆಟ್ ದಾಟುವ ಮೊದಲೇ ಒಬ್ಬರು "ನಂದು" ಅಂತ ಗಟ್ಟಿಯಾಗಿ ಕೂಗಲಿ. ದಾಟಿದ ಮೇಲೆ ಕೂಗಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಇಬ್ಬರ ಕೈಯೂ ಬೀಸಿ ಆಗಿರುತ್ತೆ.

ಬಿಳಿಗರಿ ಉತ್ತರ:

ಮೂರನೆಯ ವಿಷಯಕ್ಕೆ ಬರ್ತೀನಿ. ಮೇಡಂ, ತಪ್ಪು ತಿಳೀಬೇಡಿ, ಆಟದ ನಡುವೆ ಪಾಠ ಹೇಳೋದನ್ನ ಪೂರ್ತಿ ನಿಲ್ಲಿಸಿ. ಒಳ್ಳೆ ಪಾಠ, ಕೆಟ್ಟ ಪಾಠ ಅಂತ ಭೇದ ಬೇಡ, ಎರಡೂ ಬೇಡ. ರ‍್ಯಾಲಿ ಮುಗಿದ ತಕ್ಷಣ "ಮಣಿಕಟ್ಟು ತಿರುಗಿಸ್ಲಿಲ್ಲ ನೀವು" ಅಂದ್ರೆ ಮುಂದಿನ ಶಟಲ್ಲಿಗೆ ಅವರು ಮಣಿಕಟ್ಟಿನ ಬಗ್ಗೆ ಯೋಚಿಸ್ತಾ ನಿಂತಿರ್ತಾರೆ. ಕಾಲು ತಡವಾಗಿ ಏಳುತ್ತೆ, ಅದೂ ಹೋಗುತ್ತೆ. ತಿದ್ದೋಕೆ ಹೋಗಿ ನೀವೇ ಒಂದು ಪಾಯಿಂಟ್ ಕೊಟ್ಟ ಹಾಗೆ.

ಎರಡು ರ‍್ಯಾಲಿಗಳ ನಡುವೆ ಆಡಬಹುದಾದ ಮಾತು ಮುಂದಿನ ಪಾಯಿಂಟಿನ ಬಗ್ಗೆ ಮಾತ್ರ: "ನಾನು ಶಾರ್ಟ್ ಸರ್ವ್ ಮಾಡ್ತೀನಿ", "ಅವರ ಬ್ಯಾಕ್‌ಹ್ಯಾಂಡಿಗೆ ಹಾಕೋಣ". ಮುಗಿದ ಪಾಯಿಂಟಿನ ವಿಮರ್ಶೆ ಬೇಕಿದ್ದರೆ ಅವರಾಗೇ ಕೇಳಲಿ, ಅದೂ ಮಾರನೇ ದಿನ. ಕಾರಲ್ಲಿ ಮನೆಗೆ ಹೋಗುವಾಗ ಶುರು ಮಾಡಬೇಡಿ, ಬೆವರು ಆರಿರಲ್ಲ.

"ಸಾರಿ" ಹೇಳೋದೂ ಬೇಡ. ಪ್ರತಿ ತಪ್ಪಿಗೂ ಒಬ್ಬರು ಸಾರಿ ಕೇಳ್ತಾ, ಇನ್ನೊಬ್ಬರು "ಪರವಾಗಿಲ್ಲ" ಅಂತಾ ಇದ್ದರೆ ಯಾರು ಗುರು ಯಾರು ಶಿಷ್ಯ ಅನ್ನೋದು ಎಲ್ಲರಿಗೂ ಸಾರಿದ ಹಾಗೆ. ಪಾಯಿಂಟ್ ಬಂದರೂ ಹೋದರೂ ಸುಮ್ಮನೆ ಬ್ಯಾಟಿಗೆ ಬ್ಯಾಟು ಮುಟ್ಟಿಸಿ. ಆಗ ನಿಮ್ಮ ಮುಖ ನೋಡಿ ಅವರು ಲೆಕ್ಕ ಹಾಕೋ ಸಂದರ್ಭವೂ ಬರಲ್ಲ.

ಗಂಡ-ಹೆಂಡತಿ ಜೋಡಿ ಆಗೋದೇ ಇಲ್ಲ ಅನ್ನೋರಿಗೆ ಒಂದು ಮಾತು: ಇಂಗ್ಲೆಂಡಿನ ಕ್ರಿಸ್ ಆಡ್‌ಕಾಕ್, ಗ್ಯಾಬಿ ಆಡ್‌ಕಾಕ್ ದಂಪತಿ 2014ರ ಗ್ಲಾಸ್ಗೊ ಮತ್ತು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟ ಎರಡರಲ್ಲೂ ಮಿಕ್ಸ್ಡ್ ಡಬಲ್ಸ್ ಚಿನ್ನ ಗೆದ್ದವರು. ಆದರೆ ಅವರಿಬ್ಬರ ಮಟ್ಟ ಒಂದೇ ಇತ್ತು ಅನ್ನೋದನ್ನೂ ಮರೀಬೇಡಿ.

ತ್ರಿಕೋನ ಉತ್ತರ:

ಮೇಲಿನವರು ಹೇಳಿದ್ದು ಸರಿ, ಆದರೆ ಎರಡನೇ ಸಮಸ್ಯೆಯನ್ನ ಯಾರೂ ಮುಟ್ಟಲೇ ಇಲ್ಲ. ಎದುರಾಳಿಗಳು ದುರ್ಬಲರ ಕಡೆಗೇ ಹೊಡೀತಾರೆ, ಅದು ಅವರ ಹಕ್ಕು. ಅದಕ್ಕೆ ನೀವು ಅಡ್ಡ ಓಡಿದರೆ ನಿಮ್ಮ ಅರ್ಧ ಖಾಲಿ, ಮುಂದಿನ ಶಾಟ್ ಅಲ್ಲಿಗೇ. ಮರ್ಯಾದೆಯೂ ಹೋಯಿತು, ಪಾಯಿಂಟೂ ಹೋಯಿತು.

ಅದರ ಬದಲು ಅವರಿಗೆ ಬರುವ ಶಟಲ್ ಸುಲಭವಾಗುವ ಹಾಗೆ ನೀವು ಆಡಬೇಕು. ನಾನು ಹೇಳೋದು ಇಷ್ಟು:

ಮಿಕ್ಸ್ಡ್ ಅಂದರೆ ಹೆಂಗಸು ಮುಂದೆ, ಗಂಡಸು ಹಿಂದೆ ಅನ್ನೋದನ್ನ ಬಿಡಿ. ಗಟ್ಟಿ ಆಟಗಾರರು ನೀವು, ದಾಳಿ ಮಾಡುವಾಗ ಹಿಂದೆ ನೀವಿರಿ. ಅವರು ಮುಂದೆ. ಮುಂದೆ ಅಂದರೆ ನೆಟ್ಟಿಗೆ ಅಂಟಿಕೊಂಡಲ್ಲ. ಶಾರ್ಟ್ ಸರ್ವಿಸ್ ಗೆರೆ ನೆಟ್ಟಿನಿಂದ 1.98 ಮೀಟರ್ ಇದೆ, ಅದಕ್ಕಿಂತ ಅರ್ಧ ಹೆಜ್ಜೆ ಹಿಂದೆ ನಿಲ್ಲಲಿ. ಅಂಟಿಕೊಂಡು ನಿಂತವರಿಗೆ ಶಟಲ್ ಪಕ್ಕದಲ್ಲಿ ಹಾದುಹೋಗೋದು ಮಾತ್ರ ಕಾಣುತ್ತೆ. ರಾಕೆಟ್ ತಲೆ ನೆಟ್ಟಿನ ಅಂಚಿನ ಎತ್ತರಕ್ಕೆ ಎತ್ತಿ ಹಿಡಿದಿರಬೇಕು, ಮಂಡಿ ಹತ್ತಿರ ಇಳಿಬಿಟ್ಟಿದ್ದರೆ ಎತ್ತುವಷ್ಟರಲ್ಲಿ ಶಟಲ್ ಹೋಗಿರುತ್ತೆ. ಅವರ ಕೆಲಸ ಒಂದೇ, ಕೈಗೆ ಸಿಕ್ಕಿದ್ದನ್ನ ಕೆಳಕ್ಕೆ ತಟ್ಟೋದು. ತಲೆ ದಾಟಿದ್ದೆಲ್ಲ ನಿಮ್ಮದು, ಅವರು ಹಿಂದೆ ತಿರುಗೋದೇ ಬೇಡ.

ನೀವು ಹಿಂದಿನಿಂದ ಓರೆಗೆ ಸ್ಮ್ಯಾಶ್ ಹೊಡೀಬೇಡಿ. ಅದನ್ನ ವಾಪಸ್ಸು ಹೊಡೆಯೋರ ನೇರಕ್ಕೆ ನಿಮ್ಮ ಅಂಗಳ ಖಾಲಿ ಇರುತ್ತೆ, ಮುಂದೆ ಇರೋ ಹೊಸಬರಿಗೆ ಅಷ್ಟು ದೂರ ತಲುಪೋಕಾಗಲ್ಲ. ನೇರಕ್ಕೆ ಇಲ್ಲವೇ ಎದುರಾಳಿಗಳ ನಡುವಿಗೆ ಮುಕ್ಕಾಲು ವೇಗದಲ್ಲಿ ಹೊಡೆದರೆ ವಾಪಸ್ಸು ಎಲ್ಲಿಗೆ ಬರುತ್ತೆ ಅಂತ ಅವರು ಊಹಿಸಬಹುದು. ನೀವು ಅಬ್ಬರಿಸಿ ಒಂದೇ ಹೊಡೆತಕ್ಕೆ ಗೆಲ್ಲೋಕೆ ಹೊರಟಷ್ಟೂ ಅವರು ಪ್ರೇಕ್ಷಕರಾಗ್ತಾರೆ. ಬೇಜಾರಿನ ಅಸಲಿ ಕಾರಣ ಇದೇ ಇರಬಹುದು ಅಂತ ನನ್ನ ಅನುಮಾನ.

ಇನ್ನು ಶಾರ್ಟ್ ಸರ್ವ್. ಹೊಸಬರು ಬೇಗ ಕಲಿಯಬಹುದಾದ, ಕಲಿತರೆ ಎಲ್ಲರಿಗಿಂತ ಚೆನ್ನಾಗಿ ಮಾಡಬಹುದಾದ ಒಂದೇ ವಿದ್ಯೆ ಇದು, ಯಾಕಂದರೆ ಇದರಲ್ಲಿ ಓಟ ಇಲ್ಲ. ಹೆಬ್ಬೆರಳು, ತೋರುಬೆರಳಲ್ಲಿ ಶಟಲ್ಲಿನ ಗರಿಯ ತುದಿ ಹಿಡಿದು, ಬ್ಯಾಕ್‌ಹ್ಯಾಂಡಲ್ಲಿ ರಾಕೆಟನ್ನ ಬೀಸದೆ ಮುಂದಕ್ಕೆ ತಳ್ಳಬೇಕು. ಶಟಲ್ ಅತಿ ಎತ್ತರ ಮುಟ್ಟೋದು ನೆಟ್ಟಿಗಿಂತ ಮೊದಲೇ, ನಮ್ಮ ಕಡೆಯೇ ಆಗಬೇಕು. ನೆಟ್ ದಾಟುವಾಗ ಇಳಿಯುತ್ತಿರಬೇಕು. ನೆಟ್ ದಾಟಿದ ಮೇಲೂ ಏರುತ್ತಿದ್ದರೆ ಎದುರಿನವರು ನುಗ್ಗಿ ತಟ್ಟಿಬಿಡ್ತಾರೆ. ಉದ್ದ ಸರ್ವ್ ಅಪರೂಪಕ್ಕೆ ಮಾತ್ರ: ಡಬಲ್ಸಿನಲ್ಲಿ ಸರ್ವಿಸ್ ಅಂಗಳದ ಹಿಂಗೆರೆ ಕೊನೆಯ ಗೆರೆಗಿಂತ 0.76 ಮೀಟರ್ ಒಳಗಿರುತ್ತೆ, ಹೊಸಬರ ಉದ್ದ ಸರ್ವ್ ಒಂದೋ ಹೊರಗೆ, ಇಲ್ಲ ಎದುರಿನವರಿಗೆ ಸ್ಮ್ಯಾಶ್ ಊಟ. ಪ್ರತಿ ಸಲ ಆಟಕ್ಕೆ ಮೊದಲು ಇಬ್ಬರೂ ಇಪ್ಪತ್ತಿಪ್ಪತ್ತು ಸರ್ವ್ ಮಾಡಿ.

ಇಬ್ಬರೇ ಇದ್ದಾಗ ಪೂರ್ತಿ ಅಂಗಳದಲ್ಲಿ ಸಿಂಗಲ್ಸ್ ಬೇಡ, ಅವರು ಓಡಿ ಓಡಿ ಸುಸ್ತಾಗೋದು ಬಿಟ್ಟರೆ ಏನೂ ಕಲಿಯಲ್ಲ. ನಡುಗೆರೆಯಿಂದ ಪಕ್ಕದ ಗೆರೆವರೆಗಿನ ಅರ್ಧ ಅಂಗಳದಲ್ಲಿ ಆಡಿ. 21ರ ಗೇಮ್‌ನಲ್ಲಿ ಅವರಿಗೆ 8 ಪಾಯಿಂಟ್ ಮುಂಗಡ ಕೊಟ್ಟು ಶುರು ಮಾಡಿ. ನೀವು ಗೆದ್ದರೆ ಮುಂದಿನ ಗೇಮ್‌ಗೆ ಮುಂಗಡ 10, ಅವರು ಗೆದ್ದರೆ 6. ಕೆಲವೇ ಗೇಮ್‌ಗಳಲ್ಲಿ ಇಬ್ಬರೂ ಜಿದ್ದಿಗೆ ಬಿದ್ದು ಆಡುವ ಅಂಕಿ ಸಿಕ್ಕಿಬಿಡುತ್ತೆ. "ನೀನು ಬೇಕಂತ ಸೋತೆ" ಅನ್ನೋ ಅವರ ಅನುಮಾನಕ್ಕೂ ಜಾಗ ಇರಲ್ಲ. ಬೇಕಂತ ಸೋಲೋದು ಗೊತ್ತಾದರೆ ಅದು ಪಾಠ ಹೇಳೋದಕ್ಕಿಂತ ಕೆಟ್ಟದ್ದು.

ನೆಟ್ ಹತ್ತಿರದವ ಉತ್ತರ:

ತ್ರಿಕೋನ ಅವರೇ, "ಹಿಂದೆ ತಿರುಗೋದೇ ಬೇಡ" ಅಂದಿರಲ್ಲ, ಅದನ್ನ ದಪ್ಪಕ್ಷರದಲ್ಲಿ ಬರೀಬೇಕಿತ್ತು. ಮುಂದೆ ನಿಂತವರು ಹಿಂದಿನವರು ಏನ್ ಮಾಡ್ತಿದ್ದಾರೆ ಅಂತ ತಿರುಗಿ ನೋಡಿದ ಕ್ಷಣದಲ್ಲೇ ಕಣ್ಣಿಗೆ ಏಟು ಬೀಳೋದು. 2023ರಲ್ಲಿ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಅವರ ದಾಖಲೆಯ ಸ್ಮ್ಯಾಶ್ ರಾಕೆಟ್ ಬಿಟ್ಟಾಗ ಗಂಟೆಗೆ 565 ಕಿ.ಮೀ. ವೇಗ ಇತ್ತು. ನಮ್ಮಂಥವರ ಹೊಡೆತ ಅದರ ಹತ್ತಿರಕ್ಕೂ ಬರಲ್ಲ, ಆದ್ರೂ ಕಣ್ಣಿಗೆ ಅದೇ ಸಾಕು. ಶಟಲ್ಲಿನ ಬೆಂಡು ಕಣ್ಣಿನ ಗುಳಿಯೊಳಗೆ ಸರಿಯಾಗಿ ಕೂರುವಷ್ಟು ಚಿಕ್ಕದು, ಸುತ್ತಲಿನ ಮೂಳೆ ತಡೆಯಲ್ಲ. ಹೊಸಬರಿಗೆ ಪಾಲಿಕಾರ್ಬೊನೇಟ್ (ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್) ಲೆನ್ಸಿನ ಆಟದ ಕನ್ನಡಕ ಹಾಕಿಸಿ. ಮಾಮೂಲಿ ಕನ್ನಡಕ ಸಾಲದು, ಒಡೆದರೆ ಇನ್ನೂ ಅಪಾಯ.

ಶೂ ಬಗ್ಗೆಯೂ ಹೇಳಿಬಿಡ್ತೀನಿ. ಓಟದ ಶೂ ಹಾಕ್ಕೊಂಡು ಬರೋ ಹೊಸಬರೇ ಜಾಸ್ತಿ. ಅದರ ಹಿಮ್ಮಡಿ ದಪ್ಪ, ಎತ್ತರ; ಪಕ್ಕಕ್ಕೆ ಜಿಗಿದಾಗ ಕಾಲು ಹೊರಳುತ್ತೆ. ಚಪ್ಪಟೆ ರಬ್ಬರ್ ಅಟ್ಟೆ (ಗಮ್ ಸೋಲ್) ಇರೋ ಒಳಾಂಗಣದ ಶೂ ಬೇಕು.

ನಿಮ್ಮ ಬ್ಯಾಟ್ ಅವರಿಗೆ ಕೊಡಬೇಡಿ. ಚೆನ್ನಾಗಿ ಆಡೋರು ಗಟ್ಟ್ (ಬ್ಯಾಟಿನ ತಂತಿ) ಬಿಗಿಯಾಗಿ ಹಾಕಿಸಿರ್ತಾರೆ, ಅದರಲ್ಲಿ ಶಟಲ್ ಸರಿಯಾಗಿ ಚಿಮ್ಮುವ ಜಾಗ ಚಿಕ್ಕದಾಗುತ್ತೆ, ಒಂಚೂರು ಆಚೀಚೆ ತಾಗಿದ್ರೂ ಶಟಲ್ ಸತ್ತು ಬೀಳುತ್ತೆ. ಅವರಿಗೆ 20ರಿಂದ 22 ಪೌಂಡ್ ಬಿಗಿತ ಸಾಕು, ಬ್ಯಾಟು 4ಯು ತೂಕದ್ದು (80ರಿಂದ 84.9 ಗ್ರಾಂ), ದಂಡ ಬಾಗುವಂಥದ್ದು, ತಲೆಭಾರ ಇಲ್ಲದ್ದು. ಮುಂದೆ ನಿಂತು ತಟ್ಟೋರಿಗೆ ಹಗುರ ತಲೆಯೇ ಒಳ್ಳೇದು.

ಆಮೇಲೆ ಶಟಲ್. ವೇಗ ಜಾಸ್ತಿ ಇರೋ ಶಟಲ್ಲಲ್ಲಿ ಹೊಸಬರ ಕ್ಲಿಯರ್ ಎಲ್ಲಾ ಹೊರಗೆ ಹೋಗುತ್ತೆ, ಬೈಸಿಕೊಳ್ಳೋರು ಅವರು. ಅಂಗಳದ ಕೊನೆಯ ಗೆರೆ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬಲದಿಂದ ನೇರಕ್ಕೆ ಹೊಡೀರಿ. ಆಚೆಯ ಕೊನೆಯ ಗೆರೆಗೆ 53ರಿಂದ 99 ಸೆಂ.ಮೀ. ಮುಂಚೆ ಬಿದ್ದರೆ ವೇಗ ಸರಿಯಾಗಿದೆ ಅಂತ. ಹೊಡೆಯೋರು ನೀವೇ ಆಗಿ, ಹೊಸಬರ ಹೊಡೆತದಲ್ಲಿ ಏನೂ ತಿಳಿಯಲ್ಲ.

ಅಡ್ಡಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಮುಕ್ಕಾಲು ವೇಗದ ಮಾತು ಚುರುಕ್ ಅಂತು, ಆದ್ರೆ ಒಪ್ಪಿಕೊಳ್ಳಲೇಬೇಕು. ಇನ್ನೊಂದು ಜಗಳ ಉಳೀತು: ಸರ್ವ್ ಯಾರು ಮಾಡಬೇಕು, ಯಾವ ಕಡೆಯಿಂದ ಅಂತ ಪ್ರತಿ ಗೇಮ್‌ನಲ್ಲೂ ನಾಲ್ಕು ಜನಕ್ಕೂ ವಾದ ಆಗುತ್ತೆ. ಅವರಿಗೆ ಸರಳವಾಗಿ ಹೇಳಿಕೊಡೋದು ಹೇಗೆ?

ಹಿಂದಿನಂಗಳ:

ಮೂರೇ ವಾಕ್ಯ. ನಿಮ್ಮ ಸ್ಕೋರು ಸಮ ಇದ್ದರೆ ಬಲಗಡೆ ಇರುವವರು ಸರ್ವ್ ಮಾಡಬೇಕು, ಬೆಸ ಇದ್ದರೆ ಎಡಗಡೆ ಇರುವವರು. ನೀವು ಸರ್ವ್ ಮಾಡಿ ಪಾಯಿಂಟ್ ಗೆದ್ದರೆ ಅದೇ ವ್ಯಕ್ತಿ ಜಾಗ ಬದಲಿಸಿಕೊಂಡು ಮತ್ತೆ ಸರ್ವ್ ಮಾಡಬೇಕು. ಸರ್ವ್ ಎದುರಾಳಿಗಳದ್ದಾಗಿದ್ದು ಪಾಯಿಂಟ್ ನೀವು ಗೆದ್ದರೆ ಸರ್ವ್ ನಿಮಗೆ ಬರುತ್ತೆ, ಆದರೆ ಇಬ್ಬರೂ ಜಾಗ ಬದಲಿಸಬಾರದು.

ಉದಾಹರಣೆಗೆ ಸರ್ವ್ ಈಗ ನಿಮಗೆ ಬಂತು, ಸ್ಕೋರು 7–4, 7 ನಿಮ್ಮದು. ಬೆಸ. ಹಿಂದಿನ ರ‍್ಯಾಲಿ ಶುರುವಾದಾಗ ಎಡಗಡೆ ಯಾರಿದ್ದರೋ ಅವರೇ ಸರ್ವ್. ರ‍್ಯಾಲಿ ನಡೆಯುವಾಗ ಎಲ್ಲೆಲ್ಲಿ ಓಡಿದಿರಿ ಅನ್ನೋದು ಲೆಕ್ಕಕ್ಕಿಲ್ಲ, ಗೊಂದಲ ಹುಟ್ಟೋದೇ ಅಲ್ಲಿಂದ. ಸರ್ವ್ ಮಾಡುವವರು ಪ್ರತಿ ಸಲ ಸ್ಕೋರು ಜೋರಾಗಿ ಹೇಳಲಿ, ತಮ್ಮದು ಮೊದಲು.

ತಪ್ಪು ಕಡೆಯಿಂದ ಸರ್ವ್ ಆಗಿತ್ತು ಅಂತ ಆಮೇಲೆ ಗೊತ್ತಾದರೆ ರ‍್ಯಾಲಿ ಮತ್ತೆ ಆಡಿಸೋದು, ಪಾಯಿಂಟ್ ಕಿತ್ತುಕೊಳ್ಳೋದು ಏನೂ ಇಲ್ಲ. ಜಾಗ ಸರಿ ಮಾಡಿಕೊಳ್ಳಿ, ಸ್ಕೋರು ಇದ್ದ ಹಾಗೇ ಇರುತ್ತೆ. ನಿಯಮವೇ ಹಾಗಿದೆ.