ಮಾರ್ಸೇ ಸುತ್ತಮುತ್ತ ಕಲಾಂಕ್ ನಡಿಗೆ: ಜುಲೈ ಮೊದಲ ವಾರ, ಕಾರಿಲ್ಲ. ಯಾವ ದಾರಿ ಹಿಡಿಯೋದು?

ಬೂಟುಗಾಲು ಕೇಳಿದ್ದು:

ಜುಲೈ ಮೊದಲ ವಾರ ನಾಲ್ಕು ದಿನ ಫ್ರಾನ್ಸಿನ ಮಾರ್ಸೇಯಲ್ಲಿ ಇರುತ್ತೇವೆ, ಇಬ್ಬರು. ಪಕ್ಕದ ಕಲಾಂಕ್‌ಗಳಲ್ಲಿ (ಸುಣ್ಣಕಲ್ಲಿನ ಕಡಿದಾದ ಗೋಡೆಗಳ ನಡುವಿನ ಕಿರಿದಾದ ಕಡಲ ಕೊಲ್ಲಿಗಳು) ನಡೆಯುವ ಆಸೆ. ಉಳಿಯುವುದು ಹಳೇ ಬಂದರಿನ ಹತ್ತಿರ. ಕಾರಿಲ್ಲ, ಬಸ್ಸು, ರೈಲು ಮಾತ್ರ. ದಿನಕ್ಕೆ 15 ಕಿ.ಮೀ. ನಡೆದು ಅಭ್ಯಾಸ ಇದೆ, ಆದರೆ ಒಬ್ಬರಿಗೆ ಇಳಿಜಾರಿನಲ್ಲಿ ಮಂಡಿ ಕಾಟ ಕೊಡುತ್ತದೆ.

ಮಾರ್ಸೇ ಅಂಚಿನ ಕಾಲೆಲೋಂಗ್‌ನಿಂದ ಪೂರ್ವದ ಕಾಸಿ ಊರಿನವರೆಗೆ ಕರಾವಳಿ ಹಿಡಿದು ಒಂದೇ ದಿನದಲ್ಲಿ ನಡೆಯಬಹುದು ಅಂತ ಓದಿದೆ. ಜುಲೈನಲ್ಲಿ ಆಗುತ್ತದಾ? ಸೂಜಿತೋಂ ಕಲಾಂಕ್‌ಗೆ ಮುಂಗಡ ಕಾಯ್ದಿರಿಸಬೇಕಂತೆ, ಅದು ಹೇಗೆ? ಬೆಂಕಿ ಅಪಾಯ ಅಂತ ದಾರಿ ಮುಚ್ಚಿದರೆ ಆ ದಿನ ಏನು ಮಾಡುವುದು? ಶೂ, ನೀರಿನ ಬಗ್ಗೆಯೂ ಹೇಳಿ.

ಸುಣ್ಣಕಲ್ಲು ಉತ್ತರ:

ಮೊದಲು ದೊಡ್ಡ ಪ್ರಶ್ನೆ. ಜುಲೈನಲ್ಲಿ ಕಾಲೆಲೋಂಗ್–ಕಾಸಿ ಪೂರ್ತಿ ಬೇಡ. ದೂರ ಸುಮಾರು 28 ಕಿ.ಮೀ., ಗಟ್ಟಿ ಕಾಲಿನವರಿಗೇ 11–12 ಗಂಟೆ ಹಿಡಿಯುತ್ತದೆ. ಇಲ್ಲಿ ಕಿಲೋಮೀಟರ್ ಲೆಕ್ಕ ಕೈಕೊಡುತ್ತದೆ. ಒಂದು ಕಲಾಂಕ್‌ಗೆ ಇಳಿದು ನೀರು ಮುಟ್ಟಿ, ಮತ್ತೆ ಏರಿ, ಪಕ್ಕದ್ದಕ್ಕೆ ಇಳಿಯುವುದೇ ಇಡೀ ದಾರಿ. ಸಪಾಟಾದ ಜಾಗ ಎಷ್ಟು ಅಂದರೆ ಊಟದ ಬುತ್ತಿ ಬಿಚ್ಚಲು ಸಾಕಾಗುವಷ್ಟು. ನೆರಳೂ ಅಪರೂಪ. ಈ ಪೂರ್ತಿ ದಾರಿ ಏಪ್ರಿಲ್–ಮೇ ಅಥವಾ ಅಕ್ಟೋಬರ್‌ನದ್ದು.

ಕುಡಿಯುವ ನೀರು ಬೆಟ್ಟದೊಳಗೆ ಎಲ್ಲೂ ಸಿಗುವುದಿಲ್ಲ. ಕಾರಣ ಕಲ್ಲಿನಲ್ಲೇ ಇದೆ. ಇದೆಲ್ಲ ಬಿರುಕು ಬಿಟ್ಟ ಸುಣ್ಣಕಲ್ಲು, ಬಿದ್ದ ಮಳೆ ಮೇಲೆ ನಿಲ್ಲದೆ ಒಳಗೆ ಇಂಗಿಹೋಗುತ್ತದೆ. ಕಾಸಿ ಪಕ್ಕದ ಪೋರ್-ಮಿಯೂನಲ್ಲಿ ನೆಲದಡಿಯ ಒಂದು ನದಿ ಸಮುದ್ರದ ಮಟ್ಟಕ್ಕಿಂತ ಕೆಳಗೆ ಹೊರಬೀಳುತ್ತದೆ, ಆ ನೀರೂ ಉಪ್ಪುಪ್ಪು. ಹಾಗಾಗಿ ಅರ್ಧ ದಿನದ ನಡಿಗೆಗೂ ತಲೆಗೆ 2 ಲೀಟರ್, ಪೂರ್ತಿ ದಿನಕ್ಕೆ 3 ಲೀಟರ್ ಹೊತ್ತುಕೊಳ್ಳಿ. ಬಾಟಲಿಗಳನ್ನು ಊರಲ್ಲೇ ತುಂಬಿಸಿಕೊಂಡು ಬಸ್ಸು ಹತ್ತಿ. ಬಹಳ ಜನ ಎಡವುವುದು ಇಲ್ಲೇ. ಹೋಗುವಾಗ ಇಳಿಜಾರು, ಬೆಳಗಿನ ತಂಪು, ಒಂದು ಲೀಟರ್ ಸಾಕು ಅನಿಸುತ್ತದೆ. ವಾಪಸ್ ಏರು ಶುರುವಾಗುವುದು ನಡುಹಗಲಲ್ಲಿ, ಬಿಳಿಕಲ್ಲು ಕೆಳಗಿನಿಂದಲೂ ಬಿಸಿ ಉಗುಳುವಾಗ.

ಎರಡನೇ ವಿಷಯ, ಬೆಂಕಿಯ ನಕ್ಷೆ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಈ ಬೆಟ್ಟಗಳಿಗೆ ಪ್ರವೇಶ ದಿನದಿನವೂ ಜಿಲ್ಲಾಡಳಿತದ ತೀರ್ಮಾನ. ಮಾರನೇ ದಿನದ ಬಣ್ಣ ಹಿಂದಿನ ಸಂಜೆ 6ಕ್ಕೆ ಬರುತ್ತದೆ. ಕೆಂಪು ಅಂದರೆ ಮುಚ್ಚಿದೆ, ಬೆಳಗಿನ ಜಾವವೂ ಹೋಗುವಂತಿಲ್ಲ. ಹೋದರೆ 135 ಯೂರೋ ದಂಡ. ಈ ಬೆಟ್ಟಗಳೆಲ್ಲ ಸೇರಿದ ಕಲಾಂಕ್ ರಾಷ್ಟ್ರೀಯ ಉದ್ಯಾನದ ‘ಮೇ ಕಲಾಂಕ್’ ಆ್ಯಪ್‌ನಲ್ಲಿ ಈ ಬಣ್ಣವೂ ಸಿಗುತ್ತದೆ, ದಾರಿಗಳೂ ಸಿಗುತ್ತವೆ. ಬಿಸಿಲಿಗಿಂತ ಗಾಳಿಯೇ ಹೆಚ್ಚು ಸಲ ದಾರಿ ಮುಚ್ಚಿಸುವುದು. ವಾಯವ್ಯದಿಂದ ಮಿಸ್ಟ್ರಾಲ್ ಜೋರಾಗಿ ಬೀಸುವ ದಿನ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ನಡೆಯಲು ಇದಕ್ಕಿಂತ ಒಳ್ಳೇ ದಿನ ಇಲ್ಲ ಅನಿಸುತ್ತದೆ, ನಕ್ಷೆ ಮಾತ್ರ ಕೆಂಪು. ಒಣ ಗಾಳಿಯಲ್ಲಿ ಅಲೆಪ್ಪೋ ಪೈನ್ ಮರಕ್ಕೆ ಕಿಡಿ ತಗುಲಿದರೆ ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ‘ಮಂಗಳವಾರ ಇಲ್ಲಿ, ಬುಧವಾರ ಅಲ್ಲಿ’ ಅಂತ ಈಗಲೇ ಬರೆದಿಡಬೇಡಿ. ನಾಲ್ಕು ನಡಿಗೆ ಮನಸ್ಸಲ್ಲಿಟ್ಟುಕೊಳ್ಳಿ, ನಾಳೆ ಯಾವುದು ಅಂತ ಹಿಂದಿನ ಸಂಜೆ 6ಕ್ಕೆ ಆರಿಸಿ. ಉದ್ಯಾನದೊಳಗೆ ಸಿಗರೇಟು, ಸ್ಟವ್ ಯಾವ ತಿಂಗಳಲ್ಲೂ ನಡೆಯುವುದಿಲ್ಲ. ರಾತ್ರಿ ಡೇರೆ ಹಾಕುವುದೂ ನಿಷಿದ್ಧ.

ಸೂಜಿತೋಂ: ಜುಲೈ–ಆಗಸ್ಟ್ ಪ್ರತಿದಿನ, ಅದರ ಆಚೀಚೆ ಕೆಲವು ವಾರಾಂತ್ಯ ಕಾಯ್ದಿರಿಸುವುದು ಕಡ್ಡಾಯ. ಈ ಪದ್ಧತಿ 2022ರಲ್ಲಿ ಶುರುವಾಯಿತು. ಶುಲ್ಕವಿಲ್ಲ. ಉದ್ಯಾನದ ವೆಬ್‌ಸೈಟಿನಲ್ಲಿ ಮೂರು ದಿನ ಮುಂಚೆ ತೆರೆಯುತ್ತದೆ. ಸಿಗುವ ಕ್ಯೂಆರ್ ಕೋಡ್ ಜೊತೆ ಗುರುತಿನ ಚೀಟಿ ಒಯ್ಯಬೇಕು, ಇಲ್ಲದಿದ್ದರೆ 68 ಯೂರೋ ದಂಡ. ಮೊದಲು ದಿನಕ್ಕೆ 2,500 ಜನ ಇಳಿಯುತ್ತಿದ್ದ ಜಾಗಕ್ಕೆ ಈಗ 400 ಜನ. ಇದು ಹಟ ಅಲ್ಲ. ಅಲ್ಲಿನ ಪೈನ್ ಮರಗಳ ಬುಡ ನೋಡಿದರೆ ಅರ್ಥವಾಗುತ್ತದೆ. ಕಾಲ್ತುಳಿತಕ್ಕೆ ಮಣ್ಣು ಸಡಿಲವಾಗಿ, ಮಳೆಗೆ ಸಮುದ್ರಕ್ಕೆ ಹರಿದು, ಬೇರುಗಳು ನೆಲದ ಮೇಲೆ ಎದ್ದು ನಿಂತಿವೆ. ಎಳೆ ಸಸಿ ಊರಲು ಮಣ್ಣೇ ಉಳಿದಿಲ್ಲ. ನೆನಪಿರಲಿ, ಕ್ಯೂಆರ್ ಕೋಡ್ ಕೈಯಲ್ಲಿದ್ದರೂ ನಕ್ಷೆ ಕೆಂಪಾದರೆ ಪ್ರವೇಶ ಇಲ್ಲ.

ದಾರಿ ಸುಲಭ. ಕಾಸ್ತೆಲಾನ್ ಮೆಟ್ರೋದಿಂದ ಬಿ1 ಬಸ್, ಕೊನೆಯ ನಿಲ್ದಾಣ ಲ್ಯುಮಿನಿ. ಅಗಲವಾದ ಮಣ್ಣುದಾರಿಯಲ್ಲಿ ಮುಕ್ಕಾಲು ಗಂಟೆಗೆ ಕಣಿವೆಯ ಅಂಚು, ಅಲ್ಲಿಂದ ನೀರಿಗೆ ಇನ್ನೊಂದು ಅರ್ಧ ಗಂಟೆ. ಎದುರಿಗೆ ಯುದ್ಧದೋಣಿಯ ಮೂತಿಯಂಥ ಬಂಡೆ ಕಾಣುತ್ತದೆ, ಅದಕ್ಕೆ ‘ತೊರ್ಪಿಯೂರ್’ ಅನ್ನುತ್ತಾರೆ. ಕೆಳಗಡೆಯ ಅರ್ಧ ಗಂಟೆಯೇ ಮಂಡಿಗೆ ಕಷ್ಟದ್ದು. ಇಲ್ಲಿಂದ ಅಂಚು ಹಿಡಿದು ಪಕ್ಕದ ಮೊರ್ಜಿಯೂ ಕಲಾಂಕ್‌ಗೆ ದಾಟುವ ದಾರಿಯಲ್ಲಿ ಕಬ್ಬಿಣದ ಏಣಿಯೂ ಸರಪಳಿಯೂ ಇವೆ. ತಲೆಸುತ್ತುವವರು, ದೊಡ್ಡ ಬ್ಯಾಗಿನವರು ಅದನ್ನು ಬಿಟ್ಟುಬಿಡಿ.

ಉಪ್ಪುಗಾಳಿ ಉತ್ತರ:

ಸುಣ್ಣಕಲ್ಲು ಹೇಳಿದ್ದಕ್ಕೆ ಕಾಸಿ ಕಡೆಯದ್ದು ಸೇರಿಸುತ್ತೇನೆ. (ಬೋರ್ಡಿನಲ್ಲಿ ಕೊನೆಗೊಂದು ಎಸ್ ಇರುತ್ತದೆ. ಊರಿನವರು ಅದನ್ನು ನುಂಗಿ ಕಾಸಿ ಅನ್ನುತ್ತಾರೆ.) ಮಂಡಿ ನೋವಿನವರಿಗೆ ಈ ಬದಿ ವಾಸಿ. ಮಾರ್ಸೇಯ ಸೇಂಟ್-ಶಾರ್ಲ್ ನಿಲ್ದಾಣದಿಂದ ರೈಲಿದೆ, ಆದರೆ ಕಾಸಿ ನಿಲ್ದಾಣ ಊರಿನಿಂದ 3 ಕಿ.ಮೀ. ಮೇಲಿದೆ. ರೈಲಿಳಿದ ಮೇಲೆ ಊರಿನ ಬಸ್ ಹಿಡಿಯಿರಿ, ಆ 3 ಕಿ.ಮೀ. ಡಾಂಬರಿಗೆ ಕಾಲು ಸವೆಸಬೇಡಿ.

ಬಂದರಿನಿಂದ ಅರ್ಧ ಗಂಟೆಗೆ ಪೋರ್-ಮಿಯೂ. ಒಂದು ಕಿ.ಮೀ.ಗೂ ಉದ್ದದ ಕಿರಿದಾದ ಕೊಲ್ಲಿ, ತುಂಬಾ ದೋಣಿ ಕಟ್ಟಿರುತ್ತಾರೆ. ಇಕ್ಕೆಲದಲ್ಲಿ ಕಾಣುವ ಮೆಟ್ಟಿಲು ಮೆಟ್ಟಿಲಾದ ಗೋಡೆಗಳು ಹಳೇ ಕಲ್ಲುಗಣಿ. ಕಾಸಿ ಕಲ್ಲು ಇಲ್ಲಿಂದ ಹಡಗಿಗೇ ನೇರ ಏರುತ್ತಿತ್ತು. ಇನ್ನರ್ಧ ಗಂಟೆಗೆ ಪೋರ್-ಪ್ಯಾಂ, ಚಿಕ್ಕ ದಡ, ಪೈನ್ ನೆರಳು. ಮೂರನೆಯದು ಆಂ-ವೋ. ಎಲ್ಲರೂ ಫೋಟೋದಲ್ಲಿ ನೋಡಿ ಬರುವುದು ಇದಕ್ಕೇ.

ತೊಂದರೆ ಆಂ-ವೋ ಇಳಿಜಾರಿನದ್ದು. ಮೇಲಿನ ಬಯಲಿನಿಂದ ಕೆಳಕ್ಕೆ ಕಡಿದಾದ ಸೀಳು. ಅದರಲ್ಲಿ ಎರಡು ಥರದ ಕಾಟ. ಒಂದು ಸಡಿಲ ಜಲ್ಲಿ. ಇನ್ನೊಂದು, ಸಾವಿರಾರು ಶೂಗಳು ಉಜ್ಜಿ ಉಜ್ಜಿ ಕನ್ನಡಿಯಾದ ಕಲ್ಲು. ಬೂದು ಬಣ್ಣದ, ಒರಟು ಮೈಯ ಕಲ್ಲಿನ ಮೇಲೆ ಕಾಲಿಟ್ಟರೆ ಅಂಟಿಕೊಂಡ ಹಾಗೆ ನಿಲ್ಲುತ್ತದೆ. ಅದರ ಪಕ್ಕದಲ್ಲೇ ಕೆನೆಬಣ್ಣಕ್ಕೆ ತಿರುಗಿ ಹೊಳೆಯುವ ಕಲ್ಲಿರುತ್ತದೆ, ಅದು ಒಣಗಿದ್ದರೂ ಜಾರುತ್ತದೆ. ಎಲ್ಲರೂ ಕಾಲಿಡುವ ಜಾಗವೇ ಜಾರುವ ಜಾಗ. ಹಾಗಾಗಿ ಮುಂದಿನವರ ಹೆಜ್ಜೆಗೆ ಹೆಜ್ಜೆ ಇಡದೆ ಒಂದು ಗೇಣು ಪಕ್ಕದ ಒರಟು ಕಲ್ಲು ಹುಡುಕಿ. ಕೈ ಬಿಟ್ಟು ನಿಂತು ಇಳಿಯಲು ಧೈರ್ಯ ಬಾರದಿದ್ದರೆ ಗೋಡೆಗೆ ಮುಖ ಮಾಡಿ ಇಳಿಯಿರಿ. ನಾಚಿಕೆ ಏನಿಲ್ಲ.

ಮಂಡಿಗೆ ಇದು ಬೇಡ ಅಂದರೆ ಪೋರ್-ಪ್ಯಾಂನಿಂದ ಕಾಸ್ತೆಲ್-ವಿಯೇ ಬಯಲಿಗೆ ಏರಿ ಆಂ-ವೋವನ್ನು ಮೇಲಿನಿಂದಲೇ ನೋಡಿ ಹಿಂತಿರುಗಿ. ಆ ನೋಟವೇ ಚೆಂದ ಅನ್ನುವುದು ನನ್ನ ಪಕ್ಷ. ದಡದಲ್ಲಿ ಜುಲೈ ತಿಂಗಳಲ್ಲಿ ಟವೆಲ್ ಹಾಸಲೂ ಜಾಗ ಇರುವುದಿಲ್ಲ. ಅಂಚಿಗೆ ಬೇಲಿ ಇಲ್ಲ, ಗಾಳಿಯ ದಿನ ಎರಡು ಮಾರು ಹಿಂದೆಯೇ ನಿಲ್ಲಿ.

ಶೂ: ಚಪ್ಪಲಿ, ಸವೆದ ಓಟದ ಶೂ ಎರಡೂ ಬೇಡ. ಕಣಕಾಲಿನವರೆಗೆ ಬರುವ ಬೂಟು ಬೇಕೇಬೇಕು ಅಂತಿಲ್ಲ. ಅಡಿಭಾಗದ ರಬ್ಬರ್ ಹೊಸದಾಗಿ, ಮೃದುವಾಗಿ ಇರಬೇಕು. ಗಟ್ಟಿ ಪ್ಲಾಸ್ಟಿಕ್ಕಿನಂಥ ಅಡಿ ಈ ಕಲ್ಲಿನ ಮೇಲೆ ಸ್ಕೇಟ್ ಆಗುತ್ತದೆ. ಮಂಡಿಯವರಿಗೆ ಊರುಗೋಲು ಎರಡು, ಕಡಿದಾದ ಸೀಳಿನಲ್ಲಿ ಮಾತ್ರ ಮಡಚಿ ಬ್ಯಾಗಿಗೆ ಸಿಕ್ಕಿಸಿ. ಅಲ್ಲಿ ಕೈ ಖಾಲಿ ಇರಬೇಕು.

ಈಜುವವರಿಗೆ ಒಂದು ಮಾತು. ಮಿಸ್ಟ್ರಾಲ್ ಬೀಸಿ ನಿಂತ ಮಾರನೇ ದಿನ ಸಮುದ್ರ ತಣ್ಣಗಿರುತ್ತದೆ. ಗಾಳಿ ಮೇಲಿನ ಬೆಚ್ಚನೆ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಅದರ ಜಾಗಕ್ಕೆ ಆಳದ ನೀರು ಮೇಲೇಳುತ್ತದೆ. 24 ಡಿಗ್ರಿ ಇದ್ದದ್ದು ಎರಡೇ ದಿನದಲ್ಲಿ 16ಕ್ಕೆ ಇಳಿಯುವುದುಂಟು. ನಡೆದು ಬೆವೆತ ಮೈಯಲ್ಲಿ ನೇರ ಧುಮುಕಬೇಡಿ, ಮೊದಲು ಕಾಲಿಟ್ಟು ನೋಡಿ.

ಬೂಟುಗಾಲು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪೂರ್ತಿ ದಾರಿಯ ಆಸೆ ಬಿಟ್ಟೆವು. ಕೆಂಪು ಬಿದ್ದ ದಿನಕ್ಕೆ ಏನಿದೆ? ಹಾಗೇ ಕಾಲೆಲೋಂಗ್ ಕಡೆ ಅರ್ಧ ದಿನದ ನಡಿಗೆ ಇದ್ದರೆ ತಿಳಿಸಿ.

ನಕ್ಷೆಪ್ರಿಯ ಉತ್ತರ:

ಬಣ್ಣ ಬೆಟ್ಟಸಾಲಿಗೊಂದು ಬೇರೆ ಬೇರೆ ಕೊಡುತ್ತಾರೆ. ಕಲಾಂಕ್ ಕೆಂಪಾಗಿದ್ದರೂ ಊರಿನ ಪಶ್ಚಿಮದ ಕರಾವಳಿ ಕೋತ್ ಬ್ಲ್ಯೂ ತೆರೆದಿರುವ ಸಾಧ್ಯತೆ ಇದೆ. ಸೇಂಟ್-ಶಾರ್ಲ್‌ನಿಂದ ಮಿರಮಾಸ್ ಕಡೆಯ ಚಿಕ್ಕ ರೈಲು ಹಿಡಿದು ನಿಯೋಲೋಂನಲ್ಲಿ ಇಳಿಯಿರಿ. 1915ರಲ್ಲಿ ಶುರುವಾದ ಹಳಿ, ಸುರಂಗ, ಕಮಾನು ಸೇತುವೆ, ಕೆಳಗೆ ಸಮುದ್ರ. ಎಡಕಿಟಕಿಗೆ ಕುಳಿತುಕೊಳ್ಳಿ. ನಿಯೋಲೋಂನಿಂದ ಮೆಜಾಂ ದಾಟಿ ಲಾ ರದೋನ್‌ವರೆಗೆ ಹಳೇ ಸುಂಕದವರ ದಾರಿ, ನಿಧಾನಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಲಾ ರದೋನ್ ನಿಲ್ದಾಣದಿಂದ ವಾಪಸ್ ರೈಲು. ರೈಲುಗಳು ಕಡಿಮೆ, ಹೊರಡುವ ಮುಂಚೆಯೇ ವಾಪಸಿನ ಸಮಯ ಬರೆದುಕೊಳ್ಳಿ. ಬಂಡೆ ಉರುಳುವ ಕಡೆ ದಾರಿ ಮುಚ್ಚಿ ಬದಲಿ ಬೋರ್ಡ್ ಹಾಕಿರುತ್ತಾರೆ. ಹಗ್ಗ ದಾಟಿ ಹೋಗಬೇಡಿ.

ಎಲ್ಲವೂ ಕೆಂಪಾದರೆ ಫ್ರಿಯೂಲ್ ದ್ವೀಪ. ಹಳೇ ಬಂದರಿನಿಂದಲೇ ದೋಣಿ, ಸುಮಾರು ಅರ್ಧ ಗಂಟೆ. ರಾತೋನೋ, ಪೊಮೇಗ್ ಎರಡು ದ್ವೀಪ, ನಡುವೆ 19ನೇ ಶತಮಾನದ ಕಟ್ಟೆ. ಎರಡನ್ನೂ ಸುತ್ತಲು ಅರ್ಧ ದಿನ ಸಾಕು, ಏರಿಳಿತ ಕಡಿಮೆ, ಮಂಡಿಗೆ ಒಳ್ಳೆಯದು. ಮರವೇ ಇಲ್ಲ ಅನ್ನಬಹುದು, ಟೋಪಿ ಮರೆಯಬೇಡಿ. ಗಾಳಿ ತೀರಾ ಜೋರಾದರೆ ದೋಣಿಯೂ ನಿಲ್ಲುತ್ತದೆ. ಆಗ ಊರೊಳಗಿನ ಕೋರ್ನಿಶ್ ರಸ್ತೆ: ಹಳೇ ಬಂದರಿನಿಂದ ವಲ್ಲೋಂ ದೇಜೋಫ್ ಎಂಬ ಪುಟ್ಟ ಮೀನುಗಾರರ ಬಂದರು ಹಾದು ಪ್ರಾದೋ ಕಡಲತೀರದವರೆಗೆ. ಸಾಕಾದ ಕಡೆ 83 ಬಸ್ ಹತ್ತಿಕೊಳ್ಳಿ.

ಕಾಲೆಲೋಂಗ್‌ಗೆ 19 ಬಸ್ ಹಿಡಿದು ಮದ್ರಾಗ್ ದ ಮೋಂರೆದೋಂ, ಅಲ್ಲಿ 20ಕ್ಕೆ ಬದಲಿಸಿ. 20 ಚಿಕ್ಕ ಬಸ್, ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗ ಸಿಗುವುದಿಲ್ಲ. ಎಂಟರೊಳಗೆ ಹೊರಡಿ. (ಬಸ್ ಸಂಖ್ಯೆಗಳನ್ನು ಹಿಂದಿನ ದಿನ ಊರಿನ ಸಾರಿಗೆ ಸಂಸ್ಥೆ ಆರ್‌ಟಿಎಂನ ಆ್ಯಪ್‌ನಲ್ಲಿ ಒಮ್ಮೆ ನೋಡಿ.) ಕೊನೆಯ ನಿಲ್ದಾಣದಿಂದ ಕಲ್ಲು, ಮರಗಳ ಮೇಲೆ ಬಳಿದ ಕೆಂಪು-ಬಿಳಿ ದಾರಿಗುರುತಿನ ಪಟ್ಟೆ ಹಿಡಿದು ಮಾರ್ಸೇವೇರ್ ಕಲಾಂಕ್‌ಗೆ ಸುಮಾರು ಮುಕ್ಕಾಲು ಗಂಟೆ, ಹೆಚ್ಚು ಏರಿಲ್ಲ. ಪಟ್ಟೆ ಅಡ್ಡಡ್ಡ ಕತ್ತರಿ ಹಾಕಿದ ಹಾಗೆ ಬಳಿದಿದ್ದರೆ ಆ ಕಡೆ ಹೋಗಬೇಡಿ ಅಂತ ಅರ್ಥ. ಬೇರೆ ಬಣ್ಣದ ದಾರಿಗಳಿಗೆ ಸಂಖ್ಯೆ ಇರುತ್ತದೆ. ಬಣ್ಣ, ಸಂಖ್ಯೆ ಎರಡೂ ಸೇರಿಸಿ ನೋಡಬೇಕು. ಬರೀ ನೀಲಿ ನೋಡಿ ಹೋದರೆ ಇನ್ನೊಂದು ನೀಲಿಗೆ ಸೇರಿಬಿಡುತ್ತೀರಿ. ಕಣಿವೆಯಲ್ಲಿ ಸಿಗ್ನಲ್ ಸಿಗುವುದು ಅದೃಷ್ಟ, ಐಜಿಎನ್ (ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ತುರ್ತಿಗೆ 112.

ಕಾಲೆಲೋಂಗ್ ಪಕ್ಕದ ಲೇ ಗೂದ್ ಹಳ್ಳಿಯ ಆಸುಪಾಸಿನ ಕಲ್ಲುಗಳ ನಡುವೆ ಬೂದುಹಸಿರು ಮೆತ್ತೆಯಂಥ ಗಿಡ ಕಂಡರೆ ಕೂರಬೇಡಿ. ಅದು ಮಾರ್ಸೇ ಆಸ್ಟ್ರಗಾಲ್, ಎಲೆಯಡಿ ಬರೀ ಮುಳ್ಳು. ಊರಿನವರು ‘ಅತ್ತೆಯ ದಿಂಬು’ ಅನ್ನುತ್ತಾರೆ. ಕಾನೂನಿನ ರಕ್ಷಣೆ ಇರುವ ಗಿಡ, ಆದರೆ ಅದರ ಮೇಲೆ ಕುಳಿತವರಿಗೆ ರಕ್ಷಣೆ ಇಲ್ಲ.

ಸುಣ್ಣಕಲ್ಲು:

ಒಂದು ಬಿಟ್ಟುಹೋಗಿತ್ತು. ಮಾರ್ಸೇವೇರ್ ದಾಟಿ ಸೊರ್ಮಿಯೂ ಕಲಾಂಕ್ ಕಡೆ ಹೋಗುವಾಗ ಸಿಗುವ ಕೊರ್ತಿಯೂನಲ್ಲಿ ಈಜಬೇಡಿ. ಇಡೀ ಊರಿನ ಒಳಚರಂಡಿ ನೀರು ಸಂಸ್ಕರಣೆಯಾಗಿ ಸಮುದ್ರ ಸೇರುವುದು ಅಲ್ಲೇ. ಮರಳಿನ ದಡ ಬೇಕಿದ್ದರೆ ಸೊರ್ಮಿಯೂಗೇ ಹೋಗಿ: ರೋಂ-ಪ್ವ್ಯಾಂ ದ್ಯು ಪ್ರಾದೋದಿಂದ 23 ಬಸ್, ಆಮೇಲೆ ಕೊನೆಯವರೆಗೂ ಡಾಂಬರು ರಸ್ತೆ. ಬೇಸಿಗೆಯಲ್ಲಿ ಆ ರಸ್ತೆಗೆ ಕಾರು ಬಿಡುವುದಿಲ್ಲ, ನಡೆಯುವವರಿಗೆ ನೆಮ್ಮದಿ. ಏರು ಏರೇ, ನೆರಳಿಲ್ಲ. ಆದರೆ ಜಾರುವ ಕಲ್ಲಿಲ್ಲ, ಮಂಡಿಯವರು ಊರುಗೋಲು ಊರಿಕೊಂಡು ಆರಾಮಾಗಿ ಇಳಿಯಬಹುದು. ನೀರಿನಿಂದ ಹನ್ನೊಂದಕ್ಕೇ ಎದ್ದು ಹೊರಡಿ, ಇಲ್ಲವಾದರೆ ಸಂಜೆ ಐದರವರೆಗೆ ಅಲ್ಲೇ ಇರಿ. ನಡುವಿನ ಹೊತ್ತಿನಲ್ಲಿ ಆ ರಸ್ತೆ ಏರುವುದು ಬೇಡ.